ಕೊಳದಲ್ಲಿ ಈಜುವವರು ಮೊದಲ ಟ್ರಯಥ್ಲಾನ್‌ಗೆ ಕೆರೆಗೆ ಇಳಿದಾಗ ಏನೇನು ಎಡವಟ್ಟಾಗಬಹುದು?

ಬಾಗಲಕೋಟೆಯಲ್ಲಿದ್ದು 25 ಮೀಟರ್ ಕೊಳದಲ್ಲಿ ನಿಲ್ಲದೆ ಒಂದು ಕಿಲೋಮೀಟರ್ ಈಜುತ್ತೀರಿ. ಚಳಿಗಾಲದಲ್ಲಿ ಮೊದಲ ಸ್ಪ್ರಿಂಟ್ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ಸ್ಪರ್ಧೆಯ ಗಿಡ್ಡ ರೂಪ), ಕೆರೆಯಲ್ಲಿ 750 ಮೀಟರ್ ಈಜಬೇಕು, ಅಲ್ಲಿ ನಿರೀಕ್ಷಿಸದೆ ಬರುವ ತೊಂದರೆ ಯಾವುವು ಎಂದು ಕೇಳಿದ್ದೀರಿ. ದೂರದ ಚಿಂತೆ ಬಿಡ್ರಿ, ಅದು ನಿಮ್ಮ ಕೈಯಲ್ಲಿದೆ. ಬಹುಪಾಲು ಜನ ಸಿಕ್ಕಿಬೀಳುವುದು ಮೊದಲ 200 ಮೀಟರಿನಲ್ಲಿ, ಅದೂ ಉಸಿರಿನ ಕಾರಣಕ್ಕೆ.

ಸೀಟಿ ಊದಿದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಒಬ್ಬರ ಕೈ ನಿಮ್ಮ ಬೆನ್ನ ಮೇಲೆ, ಇನ್ನೊಬ್ಬರ ಹಿಮ್ಮಡಿ ಮುಖದ ಮುಂದೆ. ಗಾಬರಿಯಲ್ಲಿ ಉಸಿರು ಎಳೆದುಕೊಳ್ಳುತ್ತಲೇ ಹೋಗುತ್ತೇವೆ, ನೀರೊಳಗೆ ಪೂರ್ತಿ ಬಿಡುವುದು ಮರೆತುಹೋಗುತ್ತದೆ. ಆಗ ಗಾಳಿ ಸಾಲುತ್ತಿಲ್ಲ ಅನ್ನಿಸಲು ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ, ಹೊರಗೆ ಹೋಗದೆ ಉಳಿದ ಇಂಗಾಲದ ಡೈಆಕ್ಸೈಡ್. ಇನ್ನೂ ಜೋರಾಗಿ ಎಳೆದುಕೊಂಡರೆ ಎದೆ ಇನ್ನಷ್ಟು ಬಿಗಿಯುತ್ತದೆ. ಮಾಡಬೇಕಾದ್ದು ಇಷ್ಟು: ಅಂಗಾತ ತಿರುಗಿ, ಕಿವಿ ನೀರಲ್ಲಿ ಮುಳುಗುವಷ್ಟು ತಲೆ ಹಿಂದಕ್ಕೆ ಚೆಲ್ಲಿ, ಬಾಯಿಂದ ಉದ್ದಕ್ಕೆ ಉಸಿರು ಬಿಡುವುದು. ಐದಾರು ಉಸಿರಿಗೆ ಎದೆ ಸಡಿಲವಾಗುತ್ತದೆ. ಆಮೇಲೆ ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಹೊರಡಿ. ಟ್ರಯಥ್ಲಾನ್‌ನಲ್ಲಿ ಯಾವ ಬಗೆಯ ಈಜಾದರೂ ನಡೆಯುತ್ತದೆ. ಗುರುತಿಗೆ ಕಟ್ಟಿದ ದೊಡ್ಡ ಬಲೂನನ್ನೋ ನಿಂತ ದೋಣಿಯನ್ನೋ ಹಿಡಿದು ಸುಧಾರಿಸಿಕೊಳ್ಳಲೂ ಅವಕಾಶವಿದೆ, ಅದರ ಆಸರೆಯಲ್ಲಿ ಮುಂದೆ ಸಾಗಬಾರದು ಅಷ್ಟೇ. ಸಹಾಯ ಬೇಕಾದರೆ ಒಂದು ಕೈ ನೇರ ಮೇಲೆತ್ತಿ ಕೂಗಿ.

ಅಂಗಾತ ತೇಲುವುದು ನಿದ್ದೆಗಣ್ಣಲ್ಲೂ ಬರುವಂತಾಗುವ ತನಕ ಸ್ಪರ್ಧೆಗೆ ಹೆಸರು ಕೊಡಬೇಡಿ ಅನ್ನುವವನು ನಾನು. ಮುಂದೆ ಹೇಳುವ ಎಡವಟ್ಟುಗಳಲ್ಲೂ ಹೆಚ್ಚಿನವಕ್ಕೆ ಮೊದಲ ಹೆಜ್ಜೆ ಅದೇ.

ಗಾಬರಿ ಬರದಂತೆ ನೋಡಿಕೊಳ್ಳಲು, ಸ್ಪರ್ಧೆಯವರು ಬಿಟ್ಟರೆ ಐದು ನಿಮಿಷ ಮೊದಲೇ ನೀರಿಗಿಳಿದು ಮುಖ ಮುಳುಗಿಸಿ ಗುಳ್ಳೆ ಬಿಡಿ. ಗುಂಪಿನ ಅಂಚಿನಲ್ಲಿ, ಹಿಂದೆ ನಿಲ್ಲಿ. ಸೀಟಿಯ ನಂತರ ಹತ್ತರವರೆಗೆ ಎಣಿಸಿ ಹೊರಡಿ. ಹೋಗುವುದು ಹತ್ತು ಸೆಕೆಂಡು ಮಾತ್ರ.

ನಮ್ಮ ಕಡೆ ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತವರು ತಳ ಕಾಣದ ಕಪ್ಪು ನೀರಿಗೆ ಅಂಜುವುದಿಲ್ಲ. ಅವರ ತೊಡಕು ಬೇರೆ: ತಲೆ ಎತ್ತಿಯೇ ಈಜುವ ರೂಢಿ. ತಲೆ ಮೇಲೆದ್ದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ, ಕುತ್ತಿಗೆ ಹಿಡಿಯುತ್ತದೆ. ಕೊಳದವರಾದ ನಿಮಗೆ ತಳದ ಗೆರೆ ಇಲ್ಲದೆ ದಿಕ್ಕು ತಪ್ಪುತ್ತದೆ. ಖಾಲಿ ಲೇನಿನಲ್ಲಿ ಕಣ್ಣು ಮುಚ್ಚಿ ಹತ್ತು ಕೈ ಬೀಸಿ ನೋಡಿ, ಯಾವ ಕಡೆ ವಾಲುತ್ತೀರಿ ಎಂದು ತಿಳಿಯುತ್ತದೆ. ಕೆರೆಯಲ್ಲಿ ಆರರಿಂದ ಹತ್ತು ಬೀಸಿಗೊಮ್ಮೆ ಕಣ್ಣಷ್ಟೇ ನೀರಿನಿಂದ ಮೇಲೆ ಬರುವಂತೆ ಮುಂದೆ ನೋಡಿ, ಉಸಿರನ್ನು ಎಂದಿನಂತೆ ಪಕ್ಕಕ್ಕೇ ತೆಗೆದುಕೊಳ್ಳಿ. ಬೆಳಗಿನ ಬಿಸಿಲು ಎದುರಿಗಿದ್ದರೆ ಬಲೂನು ಕಾಣುವುದೇ ಇಲ್ಲ. ಅದಕ್ಕೆ ಹಿಂದಿನ ದಿನವೇ ದಂಡೆಗೆ ಹೋಗಿ, ಬಲೂನಿನ ಹಿಂದೆ ಆಚೆ ದಡದಲ್ಲಿರುವ ಗುಡ್ಡ, ಟವರ್, ಗುಡಿಯ ಶಿಖರ ಯಾವುದಾದರೂ ಒಂದನ್ನು ಗುರುತು ಹಾಕಿಕೊಳ್ಳಿ. ಮುಂದಿನವರ ಕಾಲನ್ನೇ ನಂಬಿ ಹೋಗಬೇಡಿ, ಅವರೂ ದಾರಿ ತಪ್ಪಿರಬಹುದು.

ಗಾಗಲ್ ಕಳಚುವುದು ತೀರಾ ಸಾಮಾನ್ಯ. ಒಂದು ಟೋಪಿ, ಅದರ ಮೇಲೆ ಗಾಗಲ್ ಪಟ್ಟಿ, ಅದರ ಮೇಲೆ ಸ್ಪರ್ಧೆಯವರು ಕೊಟ್ಟ ಟೋಪಿ ಹಾಕಿದರೆ ಒದೆ ಬಿದ್ದರೂ ನೀರುಪಾಲಾಗುವುದಿಲ್ಲ. ನೀರು ನುಗ್ಗಿದರೆ ಅಂಗಾತ ತಿರುಗಿ ಚೆಲ್ಲಿ ಮತ್ತೆ ಒತ್ತಿಕೊಳ್ಳಿ. ಕುತ್ತಿಗೆ, ಕಂಕುಳಿಗೆ ವ್ಯಾಸಲಿನ್ ಹಚ್ಚಿದ ಬೆರಳಿನಿಂದ ಗಾಜು ಮುಟ್ಟಬೇಡಿ, ಮುಟ್ಟಿದರೆ ಕೊನೆಯವರೆಗೂ ಮಂಜು ಮಂಜು.

ವಿಡಿಯೋಗಳಲ್ಲಿ ವಿದೇಶದವರು ಮೈಗಂಟುವ ರಬ್ಬರಿನ ಈಜುಡುಪು, ಅಂದರೆ ವೆಟ್‌ಸೂಟ್ ಹಾಕಿ ಸಲೀಸಾಗಿ ತೇಲುವುದನ್ನು ನೋಡಿ ಲೆಕ್ಕ ಹಾಕಬೇಡಿ. 1,500 ಮೀಟರ್ ಒಳಗಿನ ಈಜಿಗೆ ನೀರು 22 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್ ನಿಯಮದಂತೆ ವಯೋಮಾನ ವಿಭಾಗದವರು (ನಿಮ್ಮಂಥ ಹವ್ಯಾಸಿಗಳು) ಅದನ್ನು ಹಾಕುವಂತಿಲ್ಲ. ಅದು ಕೊಡುವ ತೇಲು ಬಲ ಇಲ್ಲದೆಯೇ ಅಭ್ಯಾಸವಾಗಬೇಕು.

ಅಭ್ಯಾಸಕ್ಕೆ ಹಿನ್ನೀರು ಹತ್ತಿರವಿದೆ ಎಂದು ಒಬ್ಬರೇ ಇಳಿಯುವುದನ್ನು ಮಾತ್ರ ಕೈಮುಗಿದು ಬೇಡ ಅನ್ನುತ್ತೇನೆ. ಆಲಮಟ್ಟಿ ಹಿನ್ನೀರಿನ ಕೆಳಗೆ ಹೊಲ, ಬದು, ಬಾವಿ, ಜಾಲಿ ಗಿಡದ ಮೋಟುಗಳಿವೆ. ಕೃಷ್ಣೆಯಲ್ಲೂ ಘಟಪ್ರಭೆಯಲ್ಲೂ ಮೊಸಳೆಗಳಿವೆ. ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಯಾವುದೇ ಇರಲಿ, ಅಣೆಕಟ್ಟಿನ ಗೇಟು, ಕಾಲುವೆಯ ತೂಬು, ನೀರೆತ್ತುವ ಜಾಕ್‌ವೆಲ್ ಹತ್ತಿರ ನೀರಿನ ಸೆಳೆತ ಮೇಲಿನಿಂದ ತಿಳಿಯುವುದಿಲ್ಲ. ಅನುಮತಿ ಇರುವ ಜಾಗ, ದಿನವೂ ಅಲ್ಲೇ ಬಲೆ ಬಿಡುವ ಮೀನುಗಾರರ ಮಾತು, ಜೊತೆಗೊಂದು ದೋಣಿ, ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ ಇಷ್ಟಿದ್ದರೆ ಮಾತ್ರ ಇಳಿಯಿರಿ. ಸಾಲಾಗಿ ತೇಲುವ ಪ್ಲಾಸ್ಟಿಕ್ ಬಾಟಲಿ ಕಂಡರೆ ಕೆಳಗೆ ಬಲೆ ಇದೆ ಎಂದೇ ತಿಳಿಯಿರಿ. ಕಾಲಿಗೆ ಬಲೆ ಅಥವಾ ಜೊಂಡು ಸುತ್ತಿದರೆ ಒದೆಯಬೇಡಿ, ಒದ್ದಷ್ಟೂ ಬಿಗಿಯುತ್ತದೆ. ಕಾಲು ನಿಲ್ಲಿಸಿ, ತೇಲುಚೀಲ ಹಿಡಿದುಕೊಂಡು, ಒಂದು ಕೈಯಿಂದ ನಿಧಾನ ಬಿಡಿಸಿ. ದೋಣಿಯವರನ್ನು ಕರೆಯಲು ಸಂಕೋಚ ಬೇಡ.

ಮೀನಖಂಡ ಹಿಡಿದುಕೊಂಡರೆ ಅಂಗಾತ ತೇಲುತ್ತ, ಮಂಡಿ ನೇರ ಮಾಡಿ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆ ಎಳೆಯಿರಿ. ಸಡಿಲಾದ ಮೇಲೆ ಸ್ವಲ್ಪ ಹೊತ್ತು ಕೈಯಲ್ಲೇ ಈಜಿ. ಪಾದ ಬಿಗಿಹಿಡಿದು ಜೋರಾಗಿ ಒದೆಯುವವರಿಗೇ ಇದು ಹೆಚ್ಚು.

ಒಂದನ್ನು ಮಾತ್ರ ತಾಳಿಕೊಂಡು ಮುಂದೆ ಹೋಗಬಾರದು. ನೀರು ಕುಡಿಯದಿದ್ದರೂ ಬಿಡದ ಕೆಮ್ಮು, ನಿಂತರೂ ಇಳಿಯದ ಏದುಸಿರು, ಎದೆಯಲ್ಲಿ ಗೊರಗೊರ, ಉಗುಳಿದರೆ ನಸುಗೆಂಪು ನೊರೆ ಬಂದರೆ ಶ್ವಾಸಕೋಶಕ್ಕೆ ದ್ರವ ಇಳಿದಿರಬಹುದು. ಈಜುವಾಗಲೇ ಆಗುವ ತೊಂದರೆ ಇದು. ಬಿಪಿ ಇರುವವರಿಗೆ, ಈಜಿಗೆ ಮುಂಚೆ ವಿಪರೀತ ನೀರು ಕುಡಿದವರಿಗೆ ಅಪಾಯ ಹೆಚ್ಚು. ಆಗ ಅಂಗಾತ ಮಲಗಬೇಡಿ, ಉಸಿರು ಇನ್ನೂ ಕಟ್ಟುತ್ತದೆ. ತಲೆ ಮೇಲೆ ಮಾಡಿ ದೋಣಿ ಹಿಡಿದು ನೀರಿನಿಂದ ಹೊರಬಂದು ನೇರ ಕುಳಿತುಕೊಳ್ಳಿ, ವೈದ್ಯರಿಗೆ ತೋರಿಸಿ. ಅಂದಿನ ಸ್ಪರ್ಧೆ ಅಲ್ಲಿಗೆ ಮುಗಿಯಿತು. ಬಿಪಿ ಇದ್ದರೆ ಹೆಸರು ಕೊಡುವ ಮೊದಲೇ ವೈದ್ಯರನ್ನು ಕಾಣಿರಿ.

ದಡ ಹತ್ತುವಾಗ ಕೈ ಎರಡು ಸಲ ತಳಕ್ಕೆ ತಾಗುವ ತನಕ ಈಜುತ್ತಲೇ ಇರಿ. ಬೇಗ ಎದ್ದು ನಿಂತರೆ ಎರೆಮಣ್ಣಿನ ರಾಡಿಯಲ್ಲಿ ಮೊಣಕಾಲವರೆಗೂ ಹೂತುಕೊಳ್ಳುತ್ತೀರಿ. ಬಹಳ ಹೊತ್ತು ಅಡ್ಡ ಮಲಗಿದ ಮೈ ತಟ್ಟನೆ ಎದ್ದಾಗ ತಲೆ ಸುತ್ತುತ್ತದೆ. ಕೊನೆಯ 50 ಮೀಟರಿನಲ್ಲಿ ಕಾಲನ್ನು ಸ್ವಲ್ಪ ಹೆಚ್ಚು ಆಡಿಸಿ, ಎದ್ದ ಮೇಲೆ ನಾಲ್ಕು ಹೆಜ್ಜೆ ನಡೆದು ಆಮೇಲೆ ಓಡಿ. ಸಮಯ ಲೆಕ್ಕ ಹಾಕುವ ಚಿಪ್ ಎಡಗಾಲಿಗೇ ಕಟ್ಟಿ, ಸೈಕಲ್ ಚೈನು ಬಲಗಡೆ ಇರುತ್ತದೆ. ಪಟ್ಟಿಗೊಂದು ಪಿನ್ನು ಚುಚ್ಚಿದರೆ ನೀರಲ್ಲಿ ಕಳೆದುಹೋಗುವುದಿಲ್ಲ.