ನೇಯೋಕೆ ಬರುತ್ತೆ, ಮಾರೋಕೆ ದಾರಿ ಇಲ್ಲ

ಇಳಕಲ್ಲಿನ ಹೆಣ್ಣುಮಗಳು, ಗಿರಿಜಾ ಅಂತ ಇಟ್ಟುಕೊಳ್ಳೋಣ. ಹೆಸರು, ಮನೆ ವಿವರ ಎಲ್ಲ ಬದಲಿಸಿದ್ದೇನೆ. ರಾತ್ರಿ ನಿದ್ದೆ ಇಲ್ಲ, ಸುಮ್‌ಸುಮ್ನೆ ಅಳು ಬರುತ್ತೆ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಕೇಳ್ತಾ ಹೋದರೆ ವಿಷಯ ಮಗ್ಗದ್ದು. ಗಂಡ ಹೆಂಡತಿ ಇಬ್ಬರೂ ಸಾವಕಾರರಿಗೆ ಕೂಲಿಗೆ ನೇಯುತ್ತಾರೆ. ನೂಲೂ ಅವರದ್ದು, ಸೀರೆಯೂ ಅವರದ್ದೇ. ಈ ಸಲ ಸ್ವಂತಕ್ಕೆ ನೇಯ್ದು ಬಾಗಲಕೋಟೆಯ ಅಂಗಡಿಗಳಿಗೆ ಅಲೆದರು. ಒಬ್ಬರು ಉದ್ರಿ ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು ಅಂದರು. ಇನ್ನೊಬ್ಬರು ಜಿಎಸ್‌ಟಿ ನಂಬರ್ ಇಲ್ದೆ ಮುಟ್ಟಲ್ಲ ಅಂದರು. ಮತ್ತೊಬ್ಬರು ಪವರ್‌ಲೂಮ್ ಸೀರೆ ತೋರಿಸಿ, "ಈ ರೇಟಿಗೆ ಕೊಡ್ತಿಯೇನವಾ?" ಅಂದರಂತೆ.

"ನನಗ ಮಾತಾಡಾಕ ಬರಂಗಿಲ್ರಿ ಮೇಡಂ, ಅದಕ್ಕ ಹಿಂಗಾತು."

ನನಗೆ ಹಾಗನಿಸಲಿಲ್ಲ. ನೇಯೋದು ಹೇಗೆ ಅಂತ ಕೇಳಿದೆ. ಒಡಲಿನ ಹತ್ತಿ ಹಾಸು (ಮಗ್ಗದ ಉದ್ದನೆಯ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು, ಅದೂ ಒಂದೊಂದು ಸೀರೆಗೂ ಹೊಸದಾಗಿ ಅಂತ ಹೇಳ್ತಾ ಹೇಳ್ತಾ ನನ್ನ ಮೇಜಿನ ಅಂಚಿನ ಮೇಲೇ ಬೆರಳಲ್ಲಿ ಕೊಂಡಿ ಹಾಕಿ ತೋರಿಸಿದರು. ಇವರಾ ಮಾತು ಬರದವರು!

ಹಾಗಾಗಿ ಧೈರ್ಯದ ಪಾಠ ಬಿಟ್ಟು ಲೆಕ್ಕಕ್ಕೆ ಕೂತೆವು. ಜಿಎಸ್‌ಟಿ ಮಾತು ಸುಮ್ನೆ ಹೆದರಿಸೋದು. ರಾಜ್ಯದೊಳಗೇ ಮಾರಿದರೆ, ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ. ಉದ್ರಿ ಮಾತ್ರ ನಿಜವಾದ ಅಡ್ಡಿ. ರೇಷ್ಮೆಗೆ ಹಾಕಿದ ದುಡ್ಡು ಅಂಗಡಿಯಲ್ಲಿ ಕೂತರೆ ಮನೆಗೆ ರೇಷನ್ ಎಲ್ಲಿಂದ? ಆದ್ದರಿಂದ ಸದ್ಯ ಅಂಗಡಿ ಬೇಡ, ಪರಿಚಯದವರಿಂದ ಮುಂಗಡ ತೊಗೊಂಡೇ ನೂಲು ತನ್ನಿ ಅಂದೆ. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ 'ಶಿಶು' ಅನ್ನೋ ಸಣ್ಣ ಸಾಲ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತೆ, ಆದರೆ ಒಂದಷ್ಟು ಆರ್ಡರ್ ಕೈಗೆ ಬರೋತನಕ ಅದಕ್ಕೂ ಕೈ ಹಾಕಬೇಡಿ ಅಂದೆ. ಪವರ್‌ಲೂಮ್ ಜೊತೆ ರೇಟಿಗಿಳಿದು ಗುದ್ದಾಡೋದಂತೂ ಬೇಡವೇ ಬೇಡ. ಇಳಕಲ್ ಸೀರೆಗೆ ಜಿಐ ಮಾನ್ಯತೆ, ಅಂದ್ರೆ ಆ ಊರಿನದ್ದೇ ಅನ್ನೋ ಕಾನೂನಿನ ಗುರುತು ಇದೆ, ಕೈಮಗ್ಗದ್ದೇ ಬೇಕು ಅನ್ನೋ ಗಿರಾಕಿ ಬೇರೆಯೇ ಇದ್ದಾರೆ. ಅವರಿಗೆ ಆ ಕೊಂಡಿ ಹಾಕೋ ವಿಡಿಯೊ ಕಳಿಸಿ, ಸಾಕು.

ಇನ್ನೂ ದೊಡ್ಡ ತೊಡಕು ಅಂದ್ರೆ ಸಾವಕಾರರ ಹತ್ತಿರ ತೊಗೊಂಡ ಮುಂಗಡ. ಅದು ತೀರೋ ಮುಂಚೆ ಸ್ವಂತ ವ್ಯಾಪಾರ ಅಂತ ಹೇಳಿದರೆ ನೂಲು ನಿಲ್ಲಿಸ್ತಾರೆ, ಕೂಲಿಯೂ ಹೋಗುತ್ತೆ. ಎಷ್ಟು ಬಾಕಿ ಅಂತ ಕೇಳಿದರೆ ಇವರಿಗೆ ಗೊತ್ತೇ ಇಲ್ಲ, ಗಂಡನಿಗೆ ಗೊತ್ತಂತೆ. ಗಂಡ ಅಪ್ಪನ ಕಾಲದಿಂದ ಸಾವಕಾರರ ಮನೆಗೇ ನೇಯುವವರು, ಅವರ ಹತ್ತಿರ ಲೆಕ್ಕ ಕೇಳೋಕೆ ಸಂಕೋಚ. ಮುಂದಿನ ಸಲ ಗಂಡನನ್ನೂ ಕರ್ಕೊಂಡು ಬನ್ನಿ, ಬಾಕಿ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.