ಚೀನಾ ಮತ್ತು ಟಿಬೆಟ್ ಸಂಸ್ಕೃತಿ ನೋಡಲು ಐಷಾರಾಮಿ ಪ್ರವಾಸ ಹೋಗಬೇಕು, ದುಡ್ಡು ಎಲ್ಲಿ ಹಾಕಿದರೆ ಸಾರ್ಥಕ?

ದೊಡ್ಡ ಹೋಟೆಲಿಗಿಂತ ಮೊದಲು ಒಳ್ಳೆಯ ಗೈಡಿಗೆ ಹಾಕಿ. ವಿದೇಶಿಯರು ಟಿಬೆಟ್‌ನಲ್ಲಿ ಸುಮ್ನೆ ಒಬ್ಬರೇ ತಿರುಗುವಂತಿಲ್ಲ, ಏಜೆನ್ಸಿ ಮೂಲಕ ಪರ್ಮಿಟ್ ಮಾಡಿಸಿ ಗೈಡ್ ಜೊತೆಗೇ ಹೋಗಬೇಕು. ಹೇಗಿದ್ದರೂ ಗೈಡ್ ಬೇಕೇ ಬೇಕು ಅಂದಮೇಲೆ ಅಲ್ಲೇ ಹುಟ್ಟಿ ಬೆಳೆದ ಟಿಬೆಟಿಯನ್ನರನ್ನೇ ಕೇಳಿ ಪಡೆಯಿರಿ.

ಎರಡನೆಯದು ಸಮಯ. ಟಿಬೆಟ್ ರಾಜಧಾನಿ ಲಾಸಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿದ ದಿನವೇ ಪೊಟಾಲಾ ಅರಮನೆಯ ಮೆಟ್ಟಿಲು ಹತ್ತಬೇಡಿ, ತಲೆ ಸಿಡಿಯುತ್ತದೆ. ಎತ್ತರಕ್ಕೆ ಮೈ ಒಗ್ಗಲಿ ಅಂತ ಮೊದಲು ಚೀನಾದ ಶಿನಿಂಗ್‌ನಲ್ಲಿ ಎರಡು ರಾತ್ರಿ ಉಳಿದು, ಪಕ್ಕದ ಕುಂಬುಮ್ ಮಠ ನೋಡಿಕೊಂಡು, ಆಮೇಲೆ ಲಾಸಾಗೆ ರೈಲು ಹಿಡಿಯಿರಿ. ನಾಲ್ಕು ಬರ್ತಿನ ಸಾಫ್ಟ್ ಸ್ಲೀಪರ್ (ಮೇಲ್ದರ್ಜೆಯ ಮಲಗುವ ಕೋಣೆ) ಸಿಕ್ಕರೆ ಬಿಡಬೇಡಿ. 2006ರಲ್ಲಿ ಶುರುವಾದ ಈ ಮಾರ್ಗ 5,000 ಮೀಟರಿಗಿಂತ ಎತ್ತರದ ಟಾಂಗ್ಗುಲಾ ಘಟ್ಟದ ದಾರಿ (ಪಾಸ್) ದಾಟುತ್ತದೆ, ಬೋಗಿಯೊಳಗೆ ಆಮ್ಲಜನಕದ ವ್ಯವಸ್ಥೆಯೂ ಇದೆ.

ಲಾಸಾದಲ್ಲಿ ಬೆಳಗ್ಗೆ ಬೇಗ ಎದ್ದು ಬಾರ್ಖೋರ್ ಬೀದಿಯಲ್ಲಿ ಜನರ ಜೊತೆ ಜೋಖಾಂಗ್ ಗುಡಿಗೆ ಪ್ರದಕ್ಷಿಣೆ ಹಾಕಿ. ಮಧ್ಯಾಹ್ನ ಸೆರಾ ಮಠದಲ್ಲಿ ಭಿಕ್ಷುಗಳ ವಾದ ನೋಡಿ. ಪ್ರಶ್ನೆ ಕೇಳುವವರು ನಿಂತು, ಕಾಲು ಅಪ್ಪಳಿಸಿ, ಚಟ್ ಅಂತ ಚಪ್ಪಾಳೆ ತಟ್ಟುತ್ತಾರೆ, ಉತ್ತರಿಸುವವರು ನೆಲದ ಮೇಲೆ ಕೂತಿರುತ್ತಾರೆ. ಇದೇ ಸೆರಾ ಪರಂಪರೆಯ ಮಠ ನಮ್ಮ ಬೈಲಕುಪ್ಪೆಯಲ್ಲೂ ಇದೆ ಅಲ್ವಾ, ಹೊರಡುವ ಮೊದಲು ಅಲ್ಲಿಗೆ ಹೋಗಿ ಬಂದರೆ ಲಾಸಾದಲ್ಲಿ ಜಾಸ್ತಿ ಅರ್ಥವಾಗುತ್ತದೆ.

ಚೀನೀ ಭಾಗಕ್ಕೆ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರ ಸಾಕು: ಹಳೇ ಟೀ ಮನೆಗಳು, ಕಣ್ಣೆದುರೇ ಮುಖವಾಡ ಬದಲಾಗುವ ಸಿಚುವಾನ್ ಒಪೆರಾ.

ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಸಾಮಾನ್ಯವಾಗಿ ವಿದೇಶಿಯರಿಗೆ ಟಿಬೆಟ್ ಪರ್ಮಿಟ್ ಕೊಡುವುದಿಲ್ಲ, ಆ ದಿನಗಳಿಗೆ ಬುಕ್ ಮಾಡಬೇಡಿ.