ಮೂನ್ ನೈಟ್: ಎಲ್ಲಿಂದ ಓದಬೇಕು, ಹಳೇ ಸಂಚಿಕೆ ಕೊಳ್ಳುವಾಗ ಏನು ನೋಡಬೇಕು

ಮಾರ್ವೆಲ್‌ನ 'ಮೂನ್ ನೈಟ್' ಟಿವಿ ಸೀರೀಸ್ ನೋಡಿ ಮುಗಿಸಿದ್ದೀರಿ. ಒಬ್ಬನೇ ಮನುಷ್ಯನೊಳಗಿನ ಮಾರ್ಕ್, ಸ್ಟೀವನ್, ಜೇಕ್ ಮೂವರ ಕಥೆಯನ್ನು ಕಾಮಿಕ್ಸ್‌ನಲ್ಲಿ 1975ರ ಸಂಚಿಕೆಯಿಂದಲೇ ಓದಬೇಕಾ, ಅದನ್ನು ಕೊಳ್ಳಬಹುದಾ ಅಂತ ಕೇಳಿದ್ದೀರಿ. ಕೊಳ್ಳಿ, ಆದರೆ ಓದೋಕೆ ಅಲ್ಲಿಂದ ಶುರು ಮಾಡಬೇಡಿ ಸರ್.

ಕಾರಣ ಇದೆ. ಡೌಗ್ ಮೆಂಚ್ ಮತ್ತು ಡಾನ್ ಪರ್ಲಿನ್ 'ವೇರ್‌ವುಲ್ಫ್ ಬೈ ನೈಟ್' 32ರಲ್ಲಿ (ಆಗಸ್ಟ್ 1975) ಮೂನ್ ನೈಟ್‌ನನ್ನು ಮೊದಲ ಸಲ ತಂದಾಗ ಇವನು ತೋಳಮಾನವನನ್ನು ಹಿಡಿಯೋಕೆ ಬಂದ ಬಾಡಿಗೆ ಬಂಟ, ಅಷ್ಟೇ. ಅವನಿಗೆ ಶಕ್ತಿ ಕೊಡೋ ಈಜಿಪ್ಟಿನ ಚಂದ್ರದೇವರು ಖೋನ್ಶು ಸುದ್ದಿಯೇ ಇಲ್ಲ. ಕೋಟ್ಯಧಿಪತಿ ಸ್ಟೀವನ್ ಗ್ರಾಂಟ್, ಟ್ಯಾಕ್ಸಿ ಡ್ರೈವರ್ ಜೇಕ್ ಲಾಕ್ಲಿ ಬರೋದು 1976ರ 'ಮಾರ್ವೆಲ್ ಸ್ಪಾಟ್‌ಲೈಟ್' 28ರಲ್ಲಿ. ಆಗಲೂ ಅವರಿಬ್ಬರು ಮಾರ್ಕ್ ಬೇಕೆಂದೇ ಹಾಕಿಕೊಂಡ ವೇಷಗಳು: ಒಬ್ಬ ದುಡ್ಡಿದ್ದವರ ನಡುವೆ ಓಡಾಡೋಕೆ, ಇನ್ನೊಬ್ಬ ಬೀದಿಯ ಸುದ್ದಿ ಹೆಕ್ಕೋಕೆ. ಸೀರೀಸ್‌ನ ಮ್ಯೂಸಿಯಂ ಅಂಗಡಿಯ ಪಾಪದ ಸ್ಟೀವನ್ ಇಲ್ಲಿ ಸಿಗಲ್ಲ.

ನಿಮಗೆ ಬೇಕಾದ್ದು ಜೆಫ್ ಲೆಮೀರ್ ಬರೆದು ಗ್ರೆಗ್ ಸ್ಮಾಲ್‌ವುಡ್ ಬಿಡಿಸಿದ 2016ರ ಸರಣಿ, ಒಟ್ಟು 14 ಸಂಚಿಕೆ. ಮಾರ್ಕ್ ಮಾನಸಿಕ ಆಸ್ಪತ್ರೆಯಲ್ಲಿ ಎಚ್ಚರಗೊಳ್ತಾನೆ. ಮೂವರೂ ಚಿಕ್ಕಂದಿನಿಂದ ಒಂದೇ ತಲೆಯಲ್ಲಿ ಇರೋದು ಕೊನೆಯ ಭಾಗದಲ್ಲಿ ತಿಳಿಯುತ್ತೆ. ನಡುವೆ ಹಲವರು ಎಡವೋ ಜಾಗ ಒಂದಿದೆ. ಪುಟ ತಿರುಗಿಸಿದ ಹಾಗೆ ಚಿತ್ರದ ಶೈಲಿ ದಿಢೀರ್ ಬದಲಾಗುತ್ತೆ. ಅದು ಮುದ್ರಣದೋಷ ಅಲ್ಲ. ಸ್ಟೀವನ್ ಭಾಗ ವಿಲ್ಫ್ರೆಡೊ ಟೊರೆಸ್ ಬಿಡಿಸಿದ್ದು, ಜೇಕ್ ಭಾಗ ಫ್ರಾಂಚೆಸ್ಕೊ ಫ್ರಾಂಕವಿಲ್ಲಾದು, ಚಂದ್ರನ ಮೇಲಿನ ತೋಳಗಳ ಜೊತೆ ಕಾದಾಡೋ ಭಾಗ ಜೇಮ್ಸ್ ಸ್ಟೊಕೊದು. ಈಗ ಯಾರ ತಲೆಯಲ್ಲಿದ್ದೀರಿ ಅನ್ನೋದನ್ನು ಗೆರೆ, ಬಣ್ಣ ನೋಡಿ ಹಿಡಿಯಿರಿ, ಗೊಂದಲ ಆಗಲ್ಲ.

ಅದಕ್ಕೂ ಮೊದಲು ಒಂದು ಸಂಜೆಯಲ್ಲಿ ಮುಗಿಯೋದು ಬೇಕಾದರೆ 2014ರ ಮೊದಲ ಆರು ಸಂಚಿಕೆ: ಬರೆದದ್ದು ವಾರೆನ್ ಎಲ್ಲಿಸ್, ಬಿಡಿಸಿದ್ದು ಡೆಕ್ಲನ್ ಶಾಲ್ವಿ. ಬಣ್ಣ ಹಾಕಿದ ಜೋರ್ಡಿ ಬೆಲ್ಲೇರ್ ಮೂನ್ ನೈಟ್ ಸೂಟಿಗೆ ಬಣ್ಣವನ್ನೇ ಹಾಕಿಲ್ಲ. ಸುತ್ತಲೂ ಕಡುಬಣ್ಣ, ನಡುವೆ ಅವನಷ್ಟೇ ಬರೀ ಬಿಳಿ ಕಾಗದ. ಐದನೇ ಸಂಚಿಕೆಯ ಮಹಡಿ ಮಹಡಿ ಹೊಡೆದಾಟದಲ್ಲಿ ಮಾತು ಕಡಿಮೆ, ಬರೀ ಏಟು. ಇಲ್ಲಿ ಡಾಕ್ಟರು 'ನಿನಗೆ ಬಹುವ್ಯಕ್ತಿತ್ವದ ಕಾಯಿಲೆಯೇ ಇಲ್ಲ' ಅಂತಾರೆ, ಎರಡು ವರ್ಷಕ್ಕೆ ಲೆಮೀರ್ ಅದನ್ನು ಪಕ್ಕಕ್ಕೆ ಸರಿಸ್ತಾರೆ. ಎರಡನ್ನೂ ಹೊಂದಿಸೋಕೆ ಹೋಗಬೇಡಿ. ಆಮೇಲೆ 1980ರ ಸರಣಿಗೆ ಹೋಗಿ, 38 ಸಂಚಿಕೆ. ಬಿಲ್ ಸಿಂಕೆವಿಚ್ ಗೆರೆ ತಿಂಗಳು ತಿಂಗಳು ಬೆಳೆಯೋದು ನೋಡೋಕೇ ಓದಬಹುದು.

ಕೊಳ್ಳುವಾಗ ಬರೀ 'ಮೂನ್ ನೈಟ್ ನಂ. 1' ಅಂತ ಇದ್ದರೆ ದುಡ್ಡು ಕೊಡಬೇಡಿ. 1980, 1985, 1989, 2006, 2011, 2014, 2016, 2021 ಎಲ್ಲದಕ್ಕೂ ಒಂದೊಂದು ನಂ. 1 ಇದೆ. 2017ರದ್ದು ಮಾತ್ರ 188ರಿಂದ ಶುರು. ವರ್ಷ, ಬರೆದವರ ಹೆಸರು ಕೇಳಿ. 1980ರ ಸರಣಿಯ 15ರಿಂದ ಮುಂದಿನವು ಕಾಮಿಕ್ಸ್ ಅಂಗಡಿಗಳಿಗಷ್ಟೇ ಹೋದವು. ಆದ್ದರಿಂದ 15ನ್ನು 'ನ್ಯೂಸ್‌ಸ್ಟ್ಯಾಂಡ್ ಪ್ರತಿ' (ಪೇಪರ್ ಅಂಗಡಿಯಲ್ಲಿ ಮಾರಿದ ಪ್ರತಿ) ಅಂತ ಹೆಚ್ಚಿಗೆ ಕೇಳಿದರೆ ಬಿಟ್ಟುಬಿಡಿ.

1975ರ ಪ್ರತಿಗೆ ರಕ್ಷಾಪುಟದ ಫೋಟೋ ಸಾಲದು. ಆ ಕಾಲದ ಮಾರ್ವೆಲ್ ಸಂಚಿಕೆಗಳ ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸೋಕೆ ಸ್ಟಾಂಪ್ ಕೊಡ್ತಿದ್ದರು, ಮಕ್ಕಳು ಕತ್ತರಿಸಿಬಿಟ್ಟಿರ್ತಾರೆ. ಒಂದು ತೂತಿದ್ದರೂ ಬೆಲೆ ನೆಲ ಕಚ್ಚುತ್ತೆ. ಪತ್ರಗಳ ಪುಟ, ನಡುಪುಟದ ಪಿನ್ನು, ಬೆನ್ನು, ಮೂರರ ಫೋಟೋ ತರಿಸಿಕೊಳ್ಳಿ. ಪಿನ್ನಿನ ಸುತ್ತ ಕಂದು ಕಲೆ ಇದ್ದರೆ ತುಕ್ಕು, ಅದು ಹರಡುತ್ತೆ. ಬರೀ ಓದೋಕಾದರೆ 'ಬ್ಯಾಡ್ ಮೂನ್ ರೈಸಿಂಗ್' ಅನ್ನೋ ಎಪಿಕ್ ಕಲೆಕ್ಷನ್ (ಹಳೇ ಸಂಚಿಕೆಗಳನ್ನು ಒಟ್ಟುಗೂಡಿಸಿದ ಪುಸ್ತಕ) ಸಾಕು: ವೇರ್‌ವುಲ್ಫ್, ಸ್ಪಾಟ್‌ಲೈಟ್ ಕಥೆಗಳೂ 1980ರ ಮೊದಲ ನಾಲ್ಕು ಸಂಚಿಕೆಗಳೂ ಅದರಲ್ಲಿವೆ.

ಇಡೋದಕ್ಕೆ ಪಾಲಿಪ್ರೊಪಿಲೀನ್ ಕವರ್, ಆಮ್ಲರಹಿತ ರಟ್ಟು, ನೇರವಾಗಿ ನಿಲ್ಲಿಸಿದ ಡಬ್ಬ. ಮೂನ್ ನೈಟ್ ಕಥೆಗಳು ಬಂದ 'ಹಲ್ಕ್!' ಪತ್ರಿಕೆಯ ಸಂಚಿಕೆಗಳೂ ಸಿಕ್ಕರೆ ಅವು ಮ್ಯಾಗಜೀನ್ ಅಳತೆಯವು, ಕಾಮಿಕ್ಸ್ ಕವರಿಗೆ ತುರುಕಿದರೆ ಮೂಲೆ ಮಡಚುತ್ತೆ. ಕರಾವಳಿ, ಮಲೆನಾಡಿನವರಾದರೆ ಮಳೆಗಾಲಕ್ಕೆ ಮೊದಲೇ ಡಬ್ಬದಲ್ಲಿ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಗೋ ಮಣಿಯದ್ದಾದರೆ ಯಾವಾಗ ಬದಲಿಸಬೇಕು ಅಂತ ನೋಡಿದರೇ ಗೊತ್ತಾಗುತ್ತೆ. ಗೋಡೆಗೆ ತಾಗಿಸಿ ಇಡಬೇಡಿ.